ಸೋತವರ ವೀರ, ಗೆದ್ದವರ ರಾಜ: ಆರ್ಥರ್ ಬಗ್ಗೆ ಆಡಿದ ಮಾತು

(ಓದುಗರ ಬಳಗವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಆರ್ಥರ್ ರಾಜ ಅಂದಕೂಡಲೇ ಏನೇನು ನೆನಪಾಗುತ್ತದೆ? ಬಂಡೆಯಿಂದ ಕಿತ್ತ ಕತ್ತಿ, ದುಂಡು ಮೇಜು, ಮೆರ್ಲಿನ್ ಎಂಬ ಮಾಂತ್ರಿಕ, ರಾಣಿ ಗ್ವಿನಿವಿಯರ್, ಅವಳನ್ನು ಪ್ರೀತಿಸಿದ ಲ್ಯಾನ್ಸೆಲಾಟ್, ಕ್ಯಾಮೆಲಾಟ್ ಅರಮನೆ, ಮೈತುಂಬ ಉಕ್ಕಿನ ಕವಚ ತೊಟ್ಟ ಸರದಾರರು. ಇಂಗ್ಲಿಷ್ ಪಾಠದಿಂದಲೋ ಕಾರ್ಟೂನಿನಿಂದಲೋ ಇಷ್ಟಂತೂ ನಮ್ಮ ತಲೆಯೊಳಗೆ ಬಂದು ಕೂತಿದೆ, ಅಲ್ವಾ? ಇವತ್ತು ಇದನ್ನೆಲ್ಲ ಪಕ್ಕಕ್ಕಿಡೋಣ. ಆರ್ಥರ್ ಎಂಬೊಬ್ಬ ನಿಜಕ್ಕೂ ಇದ್ದಿದ್ದರೆ ಅವನ ಕಾಲ ಸುಮಾರು 500ನೇ ಇಸವಿ. ಈ ಚಿತ್ರದಲ್ಲಿ ಇರುವುದೆಲ್ಲ ಅದಕ್ಕಿಂತ ಎಷ್ಟೋ ಶತಮಾನ ಆದಮೇಲೆ ಬಂದದ್ದು. ದುಂಡು ಮೇಜು ಬಂದದ್ದು 1155ರಲ್ಲಿ, ಕ್ಯಾಮೆಲಾಟ್ ಅದೇ ಶತಮಾನದ ಕೊನೆಯ ಭಾಗದಲ್ಲಿ, ಬಂಡೆಯ ಕತ್ತಿ 1200ರ ಆಸುಪಾಸಿನಲ್ಲಿ.

ಇನ್ನೊಂದು ವಿಷಯ. ಆರ್ಥರ್ ಇಂಗ್ಲಿಷರ ರಾಜ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಳೆಯ ಕಥೆಯಲ್ಲಿ ಅವನು ಇಂಗ್ಲಿಷರ ಪೂರ್ವಜರನ್ನು ಹೊಡೆದು ಓಡಿಸಿದವನು. ಆ ಯುದ್ಧದಲ್ಲಿ ಕೊನೆಗೆ ಸೋತ ಜನ ತಮ್ಮವನೆಂದು ನೆನಪಿಟ್ಟುಕೊಂಡ ವೀರನನ್ನು ಗೆದ್ದವರು ತಮ್ಮ ರಾಜನನ್ನಾಗಿ ಮಾಡಿಕೊಂಡರು. ಇದು ಹೇಗಾಯಿತು ಅನ್ನುವುದು ನನಗೆ 'ಅವನು ಇದ್ದನಾ ಇಲ್ಲವಾ' ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲು ಹಿನ್ನೆಲೆ. ರೋಮನ್ನರು ಬ್ರಿಟನ್ನಿಗೆ ಬಂದದ್ದು 43ರಲ್ಲಿ. 410ರ ಹೊತ್ತಿಗೆ ರೋಮ್‌ಗೇ ಉಸಿರು ಕಟ್ಟುವ ಸ್ಥಿತಿ, ಸೈನ್ಯ ವಾಪಸ್ ಹೋಯಿತು, ಹೊಸ ನಾಣ್ಯ ಬರುವುದು ನಿಂತಿತು, ಪಟ್ಟಣಗಳು ಒಂದೊಂದಾಗಿ ಪಾಳುಬಿದ್ದವು. ಆಗ ಉತ್ತರ ಸಮುದ್ರದ ಆಚೆಯಿಂದ ಸ್ಯಾಕ್ಸನ್, ಆಂಗಲ್, ಜೂಟ್ ಜನ ಬಂದು ನೆಲೆಸತೊಡಗಿದರು. ಈ ವಲಸೆ ಚಿಕ್ಕದಲ್ಲ. 2022ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನದ ಪ್ರಕಾರ, ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನ ಆ ಶತಮಾನಗಳ ಸಮಾಧಿಗಳಲ್ಲಿ ಸಿಕ್ಕವರ ವಂಶದ ಸರಾಸರಿ ಮುಕ್ಕಾಲು ಪಾಲು ಸಮುದ್ರದ ಆಚೆಯದು. ಮೊದಲಿಂದ ಅಲ್ಲಿದ್ದ ಬ್ರಿಟನ್ ಜನರ ಭಾಷೆ ಪಶ್ಚಿಮಕ್ಕೆ, ವೇಲ್ಸ್ ಮತ್ತು ಕಾರ್ನ್‌ವಾಲ್ ಕಡೆಗೆ ಸರಿಯಿತು. ಕೆಲವರು ಸಮುದ್ರ ದಾಟಿ ಈಗಿನ ಫ್ರಾನ್ಸ್‌ನ ಬ್ರಿಟನಿ ಎಂಬ ಪ್ರದೇಶಕ್ಕೆ ಹೋದರು. ಆರ್ಥರ್ ಕಥೆ ಮೊದಲು ಬೆಳೆದದ್ದು ಈ ಮೂರು ಕಡೆ.

ಆ ಕಾಲಕ್ಕೆ ಹತ್ತಿರ ಇದ್ದವನು ಒಬ್ಬನೇ ಒಬ್ಬ ಬರಹಗಾರ. ಗಿಲ್ಡಾಸ್ ಅಂತ, ಬ್ರಿಟನ್ ಸನ್ಯಾಸಿ. ಆರನೇ ಶತಮಾನದಲ್ಲಿ ಬರೆದ. ಅವನದು ಇತಿಹಾಸದ ಪುಸ್ತಕ ಅಲ್ಲ, ಉದ್ದುದ್ದದ ಬೈಗುಳದ ಉಪದೇಶ. ನಮ್ಮ ಪಾಪಕ್ಕೇ ದೇವರು ಸ್ಯಾಕ್ಸನ್ನರನ್ನು ಕಳಿಸಿದ ಅನ್ನುತ್ತಾನೆ. ತನ್ನ ಕಾಲದ 5 ಜನ ರಾಜರನ್ನು ಹೆಸರು ಹಿಡಿದು ಜಾಡಿಸುತ್ತಾನೆ. ಅದರ ನಡುವೆ ಹಳೆಯ ಕಥೆ ಸ್ವಲ್ಪ ಬರುತ್ತದೆ. ಸೋತು ಸುಣ್ಣವಾಗಿದ್ದ ಬ್ರಿಟನ್ನರನ್ನು ಆಂಬ್ರೋಸಿಯಸ್ ಔರೇಲಿಯಾನಸ್ ಎಂಬ ರೋಮನ್ ಮನೆತನದವನು ಒಟ್ಟುಗೂಡಿಸಿದ. ಆಮೇಲೆ ಒಮ್ಮೆ ಇವರು, ಒಮ್ಮೆ ಅವರು ಗೆಲ್ಲುತ್ತಾ ಹೋಗಿ, ಕೊನೆಗೆ ಬಾಡನ್ ಬೆಟ್ಟದ ಹತ್ತಿರ ದೊಡ್ಡ ಗೆಲುವು ಸಿಕ್ಕಿತು. ತಾನು ಹುಟ್ಟಿದ್ದೂ ಅದೇ ವರ್ಷ ಅನ್ನುತ್ತಾನೆ. ಆ ಗೆಲುವಿನಿಂದ ಒಂದು ತಲೆಮಾರಿನಷ್ಟು ಕಾಲ ಹೊರಗಿನ ಯುದ್ಧ ನಿಂತಿತು.

ಆರ್ಥರ್ ಹೆಸರು ಗಿಲ್ಡಾಸ್‌ನಲ್ಲಿ ಇಲ್ಲ. ಒಮ್ಮೆಯೂ ಇಲ್ಲ. 731ರಲ್ಲಿ ಇಂಗ್ಲಿಷರ ಚರ್ಚಿನ ಇತಿಹಾಸ ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿಯೂ ಆಂಬ್ರೋಸಿಯಸ್‌ನನ್ನು ಹೇಳುತ್ತಾನೆ, ಬಾಡನ್ ಹೇಳುತ್ತಾನೆ, ಆರ್ಥರ್ ಇಲ್ಲ.

ಹಾಗಾದರೆ ಹೆಸರು ಮೊದಲು ಎಲ್ಲಿ ಬಂತು? ಉತ್ತರದ ಒಂದು ಹಳೆಯ ವೆಲ್ಷ್ ಯುದ್ಧಗೀತೆಯಲ್ಲಿ ಒಬ್ಬ ಯೋಧನನ್ನು ಹೊಗಳಿ, ಆದರೂ ಅವನೇನು ಆರ್ಥರ್ ಅಲ್ಲ ಅನ್ನುವ ಅರ್ಥದ ಸಾಲು ಬರುತ್ತದೆ. ಆ ಗೀತೆ ಆರನೇ ಶತಮಾನದ್ದೇ ಎಂದು ಹೇಳುವವರಿದ್ದಾರೆ. ತೊಂದರೆ ಏನೆಂದರೆ ಉಳಿದಿರುವ ಹಸ್ತಪ್ರತಿ 13ನೇ ಶತಮಾನದ್ದು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬರುವಾಗ ಯಾವ ಸಾಲು ಯಾವಾಗ ಸೇರಿತು ಅಂತ ಯಾರು ಪ್ರಮಾಣ ಮಾಡಿ ಹೇಳುತ್ತಾರೆ?

ಗಟ್ಟಿಯಾಗಿ ಹೇಳಬಹುದಾದ ಮೊದಲ ಉಲ್ಲೇಖ 829–30ರ ಹೊತ್ತಿಗೆ ವೇಲ್ಸ್‌ನಲ್ಲಿ ಲ್ಯಾಟಿನ್ನಿನಲ್ಲಿ ಬರೆದ 'ಬ್ರಿಟನ್ನರ ಇತಿಹಾಸ'ದಲ್ಲಿದೆ. ನೆನ್ನಿಯಸ್ ಎಂಬವನು ಬರೆದ ಅನ್ನುವುದು ವಾಡಿಕೆ. ಅಂದರೆ ಬಾಡನ್ ಯುದ್ಧಕ್ಕೂ ಈ ಪುಸ್ತಕಕ್ಕೂ ನಡುವೆ 300 ವರ್ಷಕ್ಕೂ ಜಾಸ್ತಿ ಅಂತರ. ಇಲ್ಲಿ ಆರ್ಥರ್ ರಾಜ ಕೂಡ ಅಲ್ಲ. ಬ್ರಿಟನ್ನರ ರಾಜರ ಜೊತೆ ಸೇರಿ ಸ್ಯಾಕ್ಸನ್ನರ ಮೇಲೆ ಯುದ್ಧ ಮಾಡಿದ ಸೇನಾನಾಯಕ, ಅಷ್ಟೇ. 12 ಯುದ್ಧಗಳ ಪಟ್ಟಿ ಇದೆ. ಕೊನೆಯದು ಬಾಡನ್. ಅಲ್ಲಿ ಆರ್ಥರ್ ಒಬ್ಬನೇ ಒಂದೇ ದಾಳಿಯಲ್ಲಿ 960 ಜನರನ್ನು ಕೆಡವಿದ ಅಂತ ಬರೆದಿದೆ! ಲೆಕ್ಕ ಎಷ್ಟು ಖಚಿತವಾಗಿದೆ ನೋಡಿ. ಇನ್ನುಳಿದ ಯುದ್ಧಗಳ ಜಾಗಗಳಲ್ಲಿ ಹೆಚ್ಚಿನವು ಎಲ್ಲಿವೆ ಅಂತ ಇವತ್ತಿಗೂ ಜಗಳ. ಗುರುತು ಹಿಡಿದ ಒಂದೆರಡು ಸ್ಕಾಟ್ಲೆಂಡಿನ ಕಾಡಿನಲ್ಲಿ, ಉತ್ತರದ ಪಟ್ಟಣದಲ್ಲಿ ಬರುತ್ತವೆ. ಒಬ್ಬನೇ ಮನುಷ್ಯ ಆ ಕಾಲದಲ್ಲಿ ಇಡೀ ದ್ವೀಪ ಸುತ್ತಿ ಯುದ್ಧ ಮಾಡಿದ ಅನ್ನುವುದಕ್ಕಿಂತ, ಬೇರೆ ಬೇರೆಯವರ ಗೆಲುವುಗಳನ್ನು ಒಬ್ಬನ ಹೆಸರಿಗೆ ಬರೆದರು ಅನ್ನುವುದೇ ನಂಬುವ ಹಾಗಿದೆ.

ಅದೇ ಪುಸ್ತಕದ ಕೊನೆಗೆ ವಿಸ್ಮಯಗಳ ಪಟ್ಟಿ ಒಂದಿದೆ. ನನಗೆ ಇಷ್ಟವಾದದ್ದು ಅದು. ವೇಲ್ಸ್‌ನಲ್ಲಿ ಒಂದು ಕಲ್ಲುಗುಪ್ಪೆ, ಅದರ ಮೇಲಿನ ಕಲ್ಲಿನಲ್ಲಿ ಆರ್ಥರನ ನಾಯಿ ಕಬಾಲ್‌ನ ಹೆಜ್ಜೆ ಗುರುತು. ಆ ಕಲ್ಲನ್ನು ಹೊತ್ತುಕೊಂಡು ಹೋದರೆ ಮರುದಿನ ಮತ್ತೆ ಗುಪ್ಪೆಯ ಮೇಲೇ ಇರುತ್ತದಂತೆ. ಇನ್ನೊಂದು ಕಡೆ ಆರ್ಥರನ ಮಗ ಆಮ್ರ್‌ನ ಸಮಾಧಿ. ಮಗನನ್ನು ಕೊಂದು ಅಲ್ಲೇ ಹೂಳಿದವನು ಆರ್ಥರನೇ. ಯಾಕೆ ಕೊಂದ ಅಂತ ಒಂದಕ್ಷರ ಇಲ್ಲ. ಆ ಸಮಾಧಿಯನ್ನು ಒಮ್ಮೆ ಅಳೆದರೆ ಆರಡಿ, ಇನ್ನೊಮ್ಮೆ ಹದಿನೈದಡಿ, ನಾನೇ ಅಳೆದು ನೋಡಿದ್ದೇನೆ ಅನ್ನುತ್ತಾನೆ ಬರೆದವನು. ಅಂದರೆ 830ರ ಹೊತ್ತಿಗಾಗಲೇ ಬೆಟ್ಟ ಗುಡ್ಡಗಳಿಗೆ ಕಥೆ ಅಂಟಿಕೊಂಡ ಜನಪದ ವೀರ ಅವನು. ನಮ್ಮಲ್ಲಿ ಯಾವ ಹಳ್ಳಿಯ ಬಂಡೆಗೆ ಹೋದರೂ ಭೀಮನ ಹೆಜ್ಜೆ ಇರುವುದಿಲ್ಲವೇ, ಹಾಗೆ.

ಹತ್ತನೇ ಶತಮಾನದ ವೆಲ್ಷ್ ವರ್ಷಾವಳಿಯಲ್ಲಿ ಎರಡು ಸಾಲುಗಳಿವೆ. 516ರಲ್ಲಿ ಬಾಡನ್, ಆರ್ಥರ್ ಮೂರು ಹಗಲು ಮೂರು ರಾತ್ರಿ ಹೆಗಲ ಮೇಲೆ ಶಿಲುಬೆ ಹೊತ್ತಿದ್ದ. 537ರಲ್ಲಿ ಕ್ಯಾಮ್ಲನ್ ಕಾಳಗ, ಆರ್ಥರ್ ಮತ್ತು ಮೆದ್ರಾಟ್ ಬಿದ್ದರು. ಈ ಮೆದ್ರಾಟನೇ ಮುಂದೆ ದ್ರೋಹಿ ಮಾರ್ಡ್ರೆಡ್ ಆಗುತ್ತಾನೆ. ಇಲ್ಲಿ ಅವನು ಆರ್ಥರನ ಕಡೆಯವನೋ ಎದುರಿನವನೋ ಅಂತಲೂ ಹೇಳಿಲ್ಲ.

ವೆಲ್ಷ್ ಕಥೆಗಳ ಆರ್ಥರ್ ತುಂಬಾ ಮಜವಾದವನು. ಒಂದು ಕಥೆಯಲ್ಲಿ ಅವನ ತಮ್ಮನ ಹಾಗಿರುವ ಹುಡುಗನೊಬ್ಬ ದೈತ್ಯನ ಮಗಳನ್ನು ಮದುವೆಯಾಗಬೇಕು. ಮದುವೆಗೆ ಮುಂಚೆ ದೈತ್ಯ ಕ್ಷೌರ ಮಾಡಿಸಿಕೊಳ್ಳಬೇಕಂತೆ. ಅದಕ್ಕೆ ಬೇಕಾದ ಬಾಚಣಿಗೆ, ಕತ್ತರಿ ಇರುವುದು ಟ್ರುಯ್ತ್ ಎಂಬ ಕಾಡುಹಂದಿಯ ಎರಡು ಕಿವಿಗಳ ನಡುವೆ. ಆರ್ಥರ್ ತನ್ನ ಪಟಾಲಮ್ಮು ಕಟ್ಟಿಕೊಂಡು ಐರ್ಲೆಂಡಿನಿಂದ ವೇಲ್ಸ್ ದಾಟಿ ಕಾರ್ನ್‌ವಾಲ್‌ವರೆಗೆ ಆ ಹಂದಿಯನ್ನು ಅಟ್ಟುತ್ತಾನೆ. ಅವನ ಗೆಳೆಯ ಕೇಯ್ ನೀರಿನೊಳಗೆ ಒಂಬತ್ತು ಹಗಲು ಒಂಬತ್ತು ರಾತ್ರಿ ಉಸಿರು ಹಿಡಿದು ಇರಬಲ್ಲ. ಇಲ್ಲಿ ಸ್ಯಾಕ್ಸನ್ನರ ಸುದ್ದಿಯೇ ಇಲ್ಲ. ಅತ್ತ ಸಂತರ ಚರಿತ್ರೆಗಳಲ್ಲಿ ಆರ್ಥರ್ ಒಬ್ಬ ಪುಂಡ ದೊರೆ. ಪಾಡರ್ನ್ ಎಂಬ ಸಂತನ ನಿಲುವಂಗಿ ಕಿತ್ತುಕೊಳ್ಳಲು ಹೋಗುತ್ತಾನೆ, ಭೂಮಿ ಬಾಯಿ ಬಿಟ್ಟು ಗದ್ದದವರೆಗೆ ನುಂಗುತ್ತದೆ, ಕ್ಷಮೆ ಕೇಳಿದ ಮೇಲೆ ಬಿಡುತ್ತದೆ. ಮಠದವರಿಗೆ ಅವನು ಆದರ್ಶ ರಾಜನೇನೂ ಆಗಿರಲಿಲ್ಲ.

ಜನರಿಗೆ ಮಾತ್ರ ಅವನು ಸತ್ತಿರಲಿಲ್ಲ. 1113ರಲ್ಲಿ ಉತ್ತರ ಫ್ರಾನ್ಸ್‌ನ ಲಾಂ (Laon) ಊರಿನ ಪಾದ್ರಿಗಳು ಚರ್ಚ್ ಕಟ್ಟಲು ಹಣ ಎತ್ತುತ್ತಾ ಕಾರ್ನ್‌ವಾಲ್‌ನ ಬಾಡ್ಮಿನ್‌ಗೆ ಬಂದರು. ಅಲ್ಲಿ ಕೈ ಬತ್ತಿದ ಒಬ್ಬ ಮನುಷ್ಯ, ಆರ್ಥರ್ ಇನ್ನೂ ಬದುಕಿದ್ದಾನೆ ಅಂದ. ಪಾದ್ರಿಗಳ ಜೊತೆ ಬಂದಿದ್ದವರು ನಕ್ಕರು. ಮಾತಿಗೆ ಮಾತು ಬೆಳೆದು ಚರ್ಚಿನೊಳಗೇ ಹೊಡೆದಾಟ. ಬ್ರಿಟನಿಯಲ್ಲೂ ಜನ ಇದೇ ವಿಷಯಕ್ಕೆ ಜಗಳ ಆಡುತ್ತಾರೆ ಅಂತ ಆ ವರದಿಯಲ್ಲೇ ಇದೆ. 1125ರಲ್ಲಿ ಮಾಮ್ಸ್‌ಬರಿಯ ವಿಲಿಯಂ ಎಂಬ ಇತಿಹಾಸಕಾರ, ಆರ್ಥರನ ಸಮಾಧಿ ಎಲ್ಲೂ ಕಾಣುವುದಿಲ್ಲ, ಅದಕ್ಕೇ ಅವನು ಮರಳಿ ಬರುತ್ತಾನೆಂದು ಹಾಡುತ್ತಾರೆ ಎಂದು ಬರೆದ.

ಅಷ್ಟರಲ್ಲಿ ಇಂಗ್ಲೆಂಡನ್ನು ಆಳುತ್ತಿದ್ದವರು ಇಂಗ್ಲಿಷರೂ ಅಲ್ಲ. 1066ರಲ್ಲಿ ಬಂದ ನಾರ್ಮನ್ನರು, ಫ್ರೆಂಚ್ ಮಾತಾಡುವವರು. ಅವರಿಗೆ ಈ ನೆಲದಲ್ಲಿ ತಮ್ಮದು ಅಂತ ಹೇಳಿಕೊಳ್ಳಲು, ಇಂಗ್ಲಿಷರಿಗಿಂತ ಹಳೆಯದಾದ ಒಂದು ದೊಡ್ಡ ಇತಿಹಾಸ ಬೇಕಿತ್ತು. 1138ರ ಹೊತ್ತಿಗೆ ಅದನ್ನು ಬರೆದುಕೊಟ್ಟವನು ಮಾನ್ಮತ್‌ನ ಜೆಫ್ರಿ. ವೇಲ್ಸ್ ಗಡಿಯ ಊರಿನವನು, ಆಕ್ಸ್‌ಫರ್ಡ್‌ನಲ್ಲಿ ಇದ್ದವನು. ಬ್ರಿಟನ್ ಭಾಷೆಯ ತೀರಾ ಹಳೆಯ ಪುಸ್ತಕವೊಂದನ್ನು ಆಕ್ಸ್‌ಫರ್ಡ್‌ನ ಚರ್ಚಿನ ಅಧಿಕಾರಿ ವಾಲ್ಟರ್ ತನಗೆ ಕೊಟ್ಟ, ತಾನು ಅದನ್ನು ಲ್ಯಾಟಿನ್ನಿಗೆ ತಂದೆ ಅಷ್ಟೇ ಅಂದ. ಆ ಪುಸ್ತಕ ಇವತ್ತಿನವರೆಗೂ ಸಿಕ್ಕಿಲ್ಲ. ಜೆಫ್ರಿಯ ಪುಸ್ತಕದ ಹಸ್ತಪ್ರತಿಗಳು ಮಾತ್ರ 200ಕ್ಕೂ ಜಾಸ್ತಿ ಉಳಿದಿವೆ. ಆ ಕಾಲಕ್ಕೆ ಅದು ಭಾರಿ ಸಂಖ್ಯೆ.

ಜೆಫ್ರಿಯ ಕೈಯಲ್ಲಿ ಸೇನಾನಾಯಕ ಚಕ್ರವರ್ತಿಯಾದ. ಮೆರ್ಲಿನ್‌ನ ಮಾಯೆಯಿಂದ ಬೇರೊಬ್ಬನ ರೂಪ ತಾಳಿದ ಉತರ್ ರಾಜ ಕಾರ್ನ್‌ವಾಲ್‌ನ ಟಿಂಟಾಜೆಲ್ ಕೋಟೆಗೆ ನುಗ್ಗಿ ಅವನ ಹೆಂಡತಿಯನ್ನು ಕೂಡಿದ, ಆರ್ಥರ್ ಹುಟ್ಟಿದ. ಸ್ಯಾಕ್ಸನ್ನರನ್ನು ಬಡಿದ, ಐರ್ಲೆಂಡ್, ನಾರ್ವೆ, ಗಾಲ್ (ಈಗಿನ ಫ್ರಾನ್ಸ್) ಗೆದ್ದ, ರೋಮ್ ಕೇಳಿದ ಕಪ್ಪವನ್ನು ಕೊಡದೆ ಅದರ ಸೈನ್ಯವನ್ನೇ ಸೋಲಿಸಿದ. ಇನ್ನೇನು ಆಲ್ಪ್ಸ್ ದಾಟಬೇಕು, ಊರಲ್ಲಿ ಸೋದರಳಿಯ ಮಾರ್ಡ್ರೆಡ್ ಸಿಂಹಾಸನವನ್ನೂ ರಾಣಿಯನ್ನೂ ಕಿತ್ತುಕೊಂಡ ಸುದ್ದಿ ಬಂತು. 542ರಲ್ಲಿ ಕೊನೆಯ ಕಾಳಗ, ಗಾಯ ವಾಸಿ ಮಾಡಿಕೊಳ್ಳಲು ಅವಲಾನ್ ದ್ವೀಪಕ್ಕೆ ಪಯಣ. ಎಲ್ಲರೂ ನಂಬಿದರು ಅಂತಲ್ಲ. ಸುಮಾರು ಅರವತ್ತು ವರ್ಷ ಆದಮೇಲೆ ನ್ಯೂಬರ್ಗ್‌ನ ವಿಲಿಯಂ ಎಂಬವನು ಇದೆಲ್ಲ ನಾಚಿಕೆಯಿಲ್ಲದ ಸುಳ್ಳು ಎಂದು ಕೆಂಡ ಕಾರಿದ. ಯಾರು ಕೇಳಬೇಕು?

ಆಮೇಲಿನದು ಸರಸರ ಹೇಳಿಬಿಡುತ್ತೇನೆ. 1155ರಲ್ಲಿ ವಾಸ್ ಎಂಬ ಕವಿ ಇದನ್ನು ಫ್ರೆಂಚಿಗೆ ತಂದು ದುಂಡು ಮೇಜು ಸೇರಿಸಿದ. ಕ್ರೆಟಿಯಾಂ ದ ತ್ರ್ವಾ ಎಂಬ ಕವಿ ಲ್ಯಾನ್ಸೆಲಾಟ್–ರಾಣಿಯ ಪ್ರೇಮ, ಕ್ಯಾಮೆಲಾಟ್, ಗ್ರೇಲ್ ಪಾತ್ರೆ ತಂದ. ರಾಬರ್ಟ್ ದ ಬೋರೋನ್ ಕತ್ತಿ ಕೀಳಿಸಿದ. ಇದನ್ನೆಲ್ಲ ಒಟ್ಟು ಮಾಡಿ ಇಂಗ್ಲಿಷಿನಲ್ಲಿ ಹೇಳಿದವನು ಥಾಮಸ್ ಮ್ಯಾಲರಿ. ಬರೆದದ್ದು ಜೈಲಿನಲ್ಲಿ ಇದ್ದುಕೊಂಡು. ಕ್ಯಾಕ್ಸ್‌ಟನ್ ಅದನ್ನು ಅಚ್ಚು ಹಾಕಿದ್ದು 1485ರ ಜುಲೈ ಕೊನೆಗೆ.

ಈಗ ಸಮಾಧಿಯ ವಿಷಯಕ್ಕೆ ಬರೋಣ, ಯಾಕೆಂದರೆ ಇಡೀ ಕಥೆಯ ಗುಟ್ಟು ಇಲ್ಲಿ ಹೊರಗೆ ಬೀಳುತ್ತದೆ.

1184ರಲ್ಲಿ ಗ್ಲಾಸ್ಟನ್‌ಬರಿಯ ದೊಡ್ಡ ಮಠ ಸುಟ್ಟುಹೋಯಿತು. ಎರಡನೇ ಹೆನ್ರಿ ರಾಜ ಮತ್ತೆ ಕಟ್ಟಲು ಹಣ ಕೊಡುತ್ತಿದ್ದ. 1189ರಲ್ಲಿ ಅವನು ಸತ್ತ. ಮಗ ರಿಚರ್ಡ್‌ಗೆ ಧರ್ಮಯುದ್ಧದ ಹುಚ್ಚು, ಹಣವೆಲ್ಲ ಆ ಕಡೆ ಹೋಯಿತು. ಮಠಕ್ಕೆ ಭಕ್ತರು ಬೇಕು, ಕಾಣಿಕೆ ಬೇಕು. 1191ರ ಹೊತ್ತಿಗೆ ಸನ್ಯಾಸಿಗಳು ಸ್ಮಶಾನ ಅಗೆದರು, ಆರ್ಥರ್ ಸಿಕ್ಕಿಬಿಟ್ಟ! ವೇಲ್ಸ್‌ನ ಜೆರಾಲ್ಡ್ ಎಂಬ ಪಾದ್ರಿ ಇದನ್ನು ಬಣ್ಣಿಸಿದ್ದಾನೆ. ಹದಿನಾರಡಿ ಆಳದಲ್ಲಿ, ಟೊಳ್ಳು ಮಾಡಿದ ಓಕ್ ಮರದೊಳಗೆ ಎಲುಬುಗಳು. ಕಾಲಿನ ಮೂಳೆಯನ್ನು ಅಲ್ಲಿದ್ದ ಅತಿ ಎತ್ತರದ ಮನುಷ್ಯನ ಕಾಲಿಗೆ ಹಿಡಿದರೆ ಮೊಣಕಾಲಿಗಿಂತ ಮೂರು ಬೆರಳು ಮೇಲೆ ಬಂತು. ತಲೆಬುರುಡೆಯಲ್ಲಿ ಹತ್ತೋ ಜಾಸ್ತಿಯೋ ಗಾಯ, ಒಂದನ್ನು ಬಿಟ್ಟು ಎಲ್ಲ ಮಾಗಿದ್ದವು. ಪಕ್ಕದಲ್ಲಿ ಹೆಂಗಸಿನ ಹೊಂಬಣ್ಣದ ಜಡೆ, ಒಬ್ಬ ಸನ್ಯಾಸಿ ಆಸೆಯಿಂದ ಹಿಡಿದಾಗ ಪುಡಿಯಾಯಿತು. ಜೊತೆಗೆ ಒಂದು ಸೀಸದ ಶಿಲುಬೆ, ಇಲ್ಲಿ ಅವಲಾನ್ ದ್ವೀಪದಲ್ಲಿ ಆರ್ಥರ್ ರಾಜ ಮಲಗಿದ್ದಾನೆ ಎಂಬ ಬರಹ. ಎಷ್ಟು ಅನುಕೂಲ ನೋಡಿ. ಯಾರು ಅನ್ನುವುದೂ ಯಾವ ಊರು ಅನ್ನುವುದೂ ಒಂದೇ ಶಿಲುಬೆಯ ಮೇಲೆ. ಜೆರಾಲ್ಡ್ ಪ್ರಕಾರ ಅದರಲ್ಲಿ ಗ್ವಿನಿವಿಯರ್ ಹೆಸರೂ ಇತ್ತು, ಎರಡನೇ ಹೆಂಡತಿ ಅಂತ. 1607ರಲ್ಲಿ ಕ್ಯಾಮ್ಡೆನ್ ಎಂಬ ಇಂಗ್ಲಿಷ್ ವಿದ್ವಾಂಸ ಅಚ್ಚು ಹಾಕಿಸಿದ ಶಿಲುಬೆಯ ಚಿತ್ರದಲ್ಲಿ ಅವಳಿಲ್ಲ. ಶಿಲುಬೆ ಆಮೇಲೆ ಕಳೆದುಹೋಯಿತು. ಮಾಮ್ಸ್‌ಬರಿಯ ವಿಲಿಯಂ ಆರ್ಥರನ ಸಮಾಧಿ ಎಲ್ಲೂ ಇಲ್ಲ ಅಂದನಲ್ಲ, ಅವನು ಇದೇ ಗ್ಲಾಸ್ಟನ್‌ಬರಿ ಮಠದ ಇತಿಹಾಸ ಬರೆದವನು.

ಹಣ ಒಂದು ಕಾರಣ. ಇನ್ನೊಂದು, ರಾಜನಿಗೂ ಆರ್ಥರ್ ಸತ್ತಿರುವುದು ಬೇಕಾಗಿತ್ತು. ಮರಳಿ ಬರುತ್ತಾನೆ ಅಂತ ವೇಲ್ಸ್ ಜನ ಕಾಯುತ್ತಿದ್ದರೆ ಅವರನ್ನು ಆಳುವುದು ಕಷ್ಟ. ಎಲ್ಲಿ ಅಗೆಯಬೇಕೆಂದು ಮಠದವರಿಗೆ ಹೇಳಿದ್ದೇ ಎರಡನೇ ಹೆನ್ರಿ ಅಂತ ಜೆರಾಲ್ಡ್ ಬರೆಯುತ್ತಾನೆ. ಮುಂದೆ ಒಂದನೇ ಎಡ್ವರ್ಡ್ 1277ರಲ್ಲಿ ವೇಲ್ಸ್ ಮೇಲೆ ದಂಡೆತ್ತಿ ಹೋದ. ಮರುವರ್ಷವೇ ರಾಣಿಯೊಂದಿಗೆ ಗ್ಲಾಸ್ಟನ್‌ಬರಿಗೆ ಬಂದು ಆ ಎಲುಬುಗಳನ್ನು ಹೊರತೆಗೆಸಿ, ರೇಷ್ಮೆ ಹೊದಿಸಿ, ಮುಖ್ಯ ಬಲಿಪೀಠದ ಮುಂದೆ ಹೂಳಿಸಿದ. 1282ರಲ್ಲಿ ವೇಲ್ಸ್‌ನ ದೊರೆ ಲ್ಯುವೆಲಿನ್ ಸತ್ತ. ಆರ್ಥರನ ಕಿರೀಟ ಅಂತ ವೆಲ್ಷರು ಇಟ್ಟುಕೊಂಡಿದ್ದ ಕಿರೀಟವೂ ಎಡ್ವರ್ಡ್ ಕೈಸೇರಿತು. ಸೋತವರ ವೀರನ ಅಂತ್ಯಕ್ರಿಯೆಯನ್ನು ಗೆದ್ದವನು ನಿಂತು ಮಾಡಿಸಿದ, ಆಸ್ತಿಯನ್ನೂ ತೆಗೆದುಕೊಂಡ. 1539ರಲ್ಲಿ ಎಂಟನೇ ಹೆನ್ರಿ ಮಠವನ್ನೇ ಮುಚ್ಚಿಸಿದಾಗ ಎಲುಬುಗಳೂ ಇಲ್ಲವಾದವು.

ವಿಂಚೆಸ್ಟರ್‌ನಲ್ಲಿ ಇವತ್ತಿಗೂ ಗೋಡೆಗೆ ನೇತುಹಾಕಿರುವ ದುಂಡು ಮೇಜೂ ಎಡ್ವರ್ಡ್ ಕಾಲದ್ದೇ, ಸುಮಾರು 1290ರದ್ದು. ಅಡ್ಡಗಲ 5.5 ಮೀಟರ್, ತೂಕ ಒಂದು ಟನ್‌ಗಿಂತ ಜಾಸ್ತಿ. ಬಣ್ಣ ಹಾಕಿಸಿದವನು ಎಂಟನೇ ಹೆನ್ರಿ. ಸುತ್ತ 24 ಸರದಾರರ ಹೆಸರು, ನಡುವೆ ಅವನ ಟ್ಯೂಡರ್ ಮನೆತನದ ಗುರುತಾದ ಗುಲಾಬಿ, ಮೇಲೆ ಕೂತ ಆರ್ಥರನಿಗೆ ಹೆನ್ರಿಯದೇ ಮುಖ. ಅವನ ಅಪ್ಪ ಏಳನೇ ಹೆನ್ರಿ ವೆಲ್ಷ್ ಮೂಲದವನು. ಮ್ಯಾಲರಿಯ ಪುಸ್ತಕ ಅಚ್ಚಾದ ಮೂರೇ ವಾರಕ್ಕೆ ಬಾಸ್ವರ್ತ್ ಯುದ್ಧ ಗೆದ್ದು ರಾಜನಾದ. ಮರುವರ್ಷ ಮೊದಲ ಮಗ ವಿಂಚೆಸ್ಟರ್‌ನಲ್ಲೇ ಹುಟ್ಟುವಂತೆ ನೋಡಿಕೊಂಡು ಆರ್ಥರ್ ಅಂತ ಹೆಸರಿಟ್ಟ. ಪಾಪ, ಆ ಹುಡುಗ 15ನೇ ವಯಸ್ಸಿಗೇ ತೀರಿಕೊಂಡ. ಇಲ್ಲದಿದ್ದರೆ ಇಂಗ್ಲೆಂಡಿಗೆ ನಿಜವಾಗಿಯೂ ಆರ್ಥರ್ ಎಂಬ ರಾಜ ಸಿಗುತ್ತಿದ್ದ.

ಇನ್ನು ಪ್ರಶ್ನೆಗಳು. ಒಬ್ಬರು ಕೇಳಿದರು: ಇಷ್ಟೆಲ್ಲ ಹೇಳಿದಿರಿ, ಆರ್ಥರ್ ಇದ್ದನೋ ಇಲ್ಲವೋ?

ಅಭ್ಯರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ಲೂಸಿಯಸ್ ಆರ್ಟೋರಿಯಸ್ ಕಾಸ್ಟಸ್ ಎಂಬ ರೋಮನ್ ಅಧಿಕಾರಿಯ ಶಾಸನ ಕ್ರೊಯೇಷಿಯಾದಲ್ಲಿ ಸಿಕ್ಕಿದೆ. ಬ್ರಿಟನ್ನಿನಲ್ಲಿದ್ದ ಆರನೇ ಲೀಜನ್ ಎಂಬ ರೋಮನ್ ದಂಡಿನಲ್ಲಿ ಕೆಲಸ ಮಾಡಿದವನು, ಹೆಸರೂ ಹೊಂದುತ್ತದೆ. ಆದರೆ ಅವನು ಎರಡನೇ ಅಥವಾ ಮೂರನೇ ಶತಮಾನದವನು, ಬಾಡನ್‌ಗೆ ಹೇಗೆ ಬರುತ್ತಾನೆ? 470ರ ಹೊತ್ತಿಗೆ ರಿಯೊಥಾಮಸ್ ಎಂಬ ಬ್ರಿಟನ್ನರ ರಾಜ 12,000 ಜನರೊಂದಿಗೆ ಗಾಲ್‌ಗೆ ಹೋಗಿ ವಿಸಿಗಾತ್ ಎಂಬ ಜರ್ಮಾನಿಕ್ ಜನರ ಕೈಲಿ ಸೋತ. ಕಾಲ ಹತ್ತಿರ, ಹೆಸರು ದೂರ. ಸ್ಕಾಟ್ಲೆಂಡಿನ ದಾಲ್ ರಿಯಾಡ ರಾಜಮನೆತನದಲ್ಲಿ ಆರನೇ ಶತಮಾನದ ಕೊನೆಗೆ ಯುದ್ಧದಲ್ಲಿ ಸತ್ತ ಅರ್ತೂರ್ ಎಂಬ ರಾಜಕುಮಾರ ಇದ್ದ. ಅವನ ಹೆಸರೇ ಅದು, ಆದರೆ ಬಾಡನ್ ಆಗಿ ಎಷ್ಟೋ ವರ್ಷ ಆದಮೇಲಿನವನು. ಒಬ್ಬೊಬ್ಬನಲ್ಲೂ ಒಂದು ಹೊಂದಿದರೆ ಇನ್ನೊಂದು ಹೊಂದುವುದಿಲ್ಲ.

ಗಿಲ್ಡಾಸ್ ಬೇಕಂತಲೇ ಹೆಸರು ಬಿಟ್ಟ, ಆರ್ಥರ್ ಅವನ ಅಣ್ಣನನ್ನು ಕೊಂದಿದ್ದ ಅಂತ ಒಂದು ಕಥೆ ಇದೆ. ಅದು ಹುಟ್ಟಿದ್ದು 12ನೇ ಶತಮಾನದಲ್ಲಿ, ಇದೇ ಪ್ರಶ್ನೆಗೆ ಉತ್ತರ ಹುಡುಕುವಾಗ. ಗಿಲ್ಡಾಸ್ ಹೆಸರು ಹೇಳುವುದರಲ್ಲಿ ಜಿಪುಣ ಅನ್ನುವುದು ನಿಜ, ಅಷ್ಟು ಒಪ್ಪುತ್ತೇನೆ. 1970ರ ದಶಕದವರೆಗೂ ದೊಡ್ಡ ದೊಡ್ಡ ವಿದ್ವಾಂಸರು ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಅನ್ನುತ್ತಿದ್ದರು. 1977ರಲ್ಲಿ ಇತಿಹಾಸಕಾರ ಡೇವಿಡ್ ಡಮ್‌ವಿಲ್ ಈ ವಾದವನ್ನು ನೇರವಾಗಿ ತಳ್ಳಿಹಾಕಿ, ಆರ್ಥರನನ್ನು ಇತಿಹಾಸದ ಪುಸ್ತಕಗಳಿಂದ ಹೊರಗಿಡಿ ಅಂದರು. ನಾನು ಅವರ ಕಡೆ. ಬಾಡನ್ ಯುದ್ಧ ನಡೆದದ್ದು ನಿಜ, ಅದನ್ನು ಯಾರೋ ಗೆದ್ದದ್ದೂ ನಿಜ. ಹೆಸರಿಗೆ ದಾಖಲೆ ಇರುವವನು ಆಂಬ್ರೋಸಿಯಸ್ ಒಬ್ಬನೇ. ಹಂದಿ ಅಟ್ಟುವ ಜನಪದ ವೀರನೊಬ್ಬ ಮುನ್ನೂರು ವರ್ಷದಲ್ಲಿ ಆ ಗೆಲುವಿನ ಒಡೆಯನಾದ ಅಂತ ನನಗನಿಸುತ್ತದೆ.

ಇನ್ನೊಬ್ಬರು ಟಿಂಟಾಜೆಲ್ ಬಗ್ಗೆ ಕೇಳಿದರು, ಇಂಗ್ಲೆಂಡಿಗೆ ಹೋದಾಗ ನೋಡಲೇಬೇಕಾ ಅಂತ. ನೋಡಿ. ಆದರೆ ಈಗ ಕಾಣುವ ಕೋಟೆ 1230ರ ದಶಕದ್ದು, ಮೂರನೇ ಹೆನ್ರಿಯ ತಮ್ಮ ರಿಚರ್ಡ್ ಕಟ್ಟಿಸಿದ್ದು. ಯುದ್ಧಕ್ಕೆ ಆ ಜಾಗದಿಂದ ಅಂಥ ಉಪಯೋಗ ಏನೂ ಇಲ್ಲ. ಜೆಫ್ರಿಯ ಕಥೆ ಓದಿ, ಆ ಹೆಸರು ತನಗೂ ಇರಲಿ ಅಂತ ಕಟ್ಟಿದ. ಅದರ ಅಡಿಯಲ್ಲಿ ನಿಜವಾದ ಐದು–ಆರನೇ ಶತಮಾನದ ನೆಲೆ ಇದೆ. ಮೆಡಿಟರೇನಿಯನ್ ಕಡೆಯಿಂದ ಬಂದ ವೈನ್ ಮತ್ತು ಎಣ್ಣೆಯ ಜಾಡಿಗಳ ಚೂರು ರಾಶಿ ರಾಶಿ ಸಿಕ್ಕಿವೆ. 1998ರಲ್ಲಿ ಅಕ್ಷರ ಗೀಚಿದ ಸ್ಲೇಟು ಕಲ್ಲೊಂದು ಸಿಕ್ಕಾಗ ಪತ್ರಿಕೆಗಳು ಆರ್ಥರನ ಕಲ್ಲು ಅಂತ ಕುಣಿದಾಡಿದವು. ಅದರಲ್ಲಿರುವ ಹೆಸರು ಅರ್ಟೋಗ್ನೌ, ಬೇರೆಯೇ ಮನುಷ್ಯ. 2016ರಲ್ಲಿ ಈ ಜಾಗ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಅಲ್ಲಿನ ಬಂಡೆಯಲ್ಲಿ ಮೆರ್ಲಿನ್‌ನ ಮುಖ ಕೆತ್ತಿಸಿತು. ಕಾರ್ನ್‌ವಾಲ್‌ನ ಇತಿಹಾಸಾಸಕ್ತರು ಸಿಟ್ಟಾದರು. ನಮ್ಮ ದೊರೆಗಳ ನಿಜವಾದ ಜಾಗವನ್ನು ಕಥೆಯ ಪಾರ್ಕ್ ಮಾಡುತ್ತಿದ್ದೀರಿ ಅನ್ನುವುದು ಅವರ ತಕರಾರು. ನಾನು ಅವರ ಪರ. ನೀವು ಹೋದರೆ ಆ ಮುಖದ ಫೋಟೋ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ, ಆಮೇಲೆ ಜಾಡಿಗಳ ಬಗ್ಗೆ ಅಲ್ಲಿ ಏನು ಬರೆದಿದ್ದಾರೆ ಅಂತ ಸ್ವಲ್ಪ ನಿಂತು ಓದಿ.